ಶನಿವಾರದ ಪಿಎಚ್‌ಪಿ ಪ್ರಾಕ್ಟೀಸ್: ಸೆಷನ್ ನೋಡ್ಕೊಂಡ ಬರ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಶನಿವಾರ ಸಂಜಿ 5ಕ್ಕ ವಿದ್ಯಾನಗರದಾಗ ಪಿಎಚ್‌ಪಿ (ವೆಬ್‌ಸೈಟ್ ಮಾಡೂ ಪ್ರೋಗ್ರಾಮಿಂಗ್ ಭಾಷಾ) ಪ್ರಾಕ್ಟೀಸ್ ಐತಿ, ಲಾಗಿನ್ ಪೇಜ್ ಮಾಡಾಕತ್ತಾವ್ರು ತಪ್ಪಸಬ್ಯಾಡ್ರಿ. ಹೋದ ವಾರ ಭಾಳ ಮಂದಿದು ಒಂದ ತ್ರಾಸ, ಮೊದಲ್ನೇ ಪೇಜಿನ್ಯಾಗ ಹಾಕಿದ ಹೆಸರು ಮುಂದಿನ ಪೇಜಿಗೆ ಹೋಗೂದ್ರಾಗ ಖಾಲಿ, ಯಾಕಂದ್ರ ಪೇಜ್ ಮುಗದ ಕೂಡ್ಲೆ ಆ ಹೆಸರು ಇಟ್ಟ ವೇರಿಯೇಬಲ್ಲೂ ಮುಗೀತೈತಿ, ಅದು ತಾನಾಗೆ ಮುಂದ ಹೋಗಂಗಿಲ್ಲ. ಅದಕ್ಕ ಹೆಸರು ಸೆಷನ್‌ನಾಗ ಇಡ್ರಿ, ಸೆಷನ್ ಅಂದ್ರ ಒಬ್ಬರ ಮಾಹಿತಿ ಪೇಜಿನಿಂದ ಪೇಜಿಗೆ ಹೋಗುಮುಂದ ಸರ್ವರ್‌ನಾಗ ಉಳಸೂ ಜಾಗ. ಅದನ್ನ ಚಾಲೂ ಮಾಡೂ session_start() ಸಾಲು ಎರಡೂ ಪೇಜಿನ್ಯಾಗ ಬೇಕು, ಅದೂ ಎಲ್ಲಾಕ್ಕಿಂತ ಮ್ಯಾಲ, ಪಿಎಚ್‌ಪಿ ಟ್ಯಾಗಿಗಿಂತ (<?php) ಮೊದ್ಲ ಒಂದು ಖಾಲಿ ಸಾಲು ಇದ್ರೂ ಎರರ್ ಬರಬಹುದು, ನನಗ ಆ ಸಾಲು ಹುಡಕಾಕ ಅರ್ಧ ತಾಸು ಹಿಡೀತು. ಪಾಸ್‌ವರ್ಡ್ ಮಾತ್ರ ಲಿಂಕಿನ್ಯಾಗೂ ಹಿಡನ್ ಫೀಲ್ಡಿನ್ಯಾಗೂ (ಫಾರ್ಮಿನ್ಯಾಗ ಕಣ್ಣಿಗೆ ಕಾಣದ ಜಾಗ) ಕಳಸಬ್ಯಾಡ್ರಿ, ಖರೇನ ಹೇಳ್ತೇನಿ. ಡಿಫಾಲ್ಟ್ 1440 ಸೆಕೆಂಡ್, ಅಂದ್ರ 24 ನಿಮಿಷ ಸುಮ್ನ ಬಿಟ್ರ ಸೆಷನ್ ಡೇಟಾ ಅಳಿಸಿ ಹೋಗಬಹುದು, ಟೆಸ್ಟ್ ಮಾಡುಮುಂದ ಲಕ್ಷ್ಯ ಇರ್ಲಿ. ಬರಾವ್ರು ಶುಕ್ರವಾರ ರಾತ್ರಿ ಒಳಗ ಇಲ್ಲೇ ಹೆಸರು ಹಾಕ್ರಿ.