ಪಕ್ಕಪಕ್ಕ ಇದ್ದ ಮಾತ್ರಕ್ಕೆ ಜೋಡಿ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಪ್ರಾಜೆಕ್ಟ್ ಸಲ್ಲಿಸುವ ಕಾಲ ಬಂತೆಂದರೆ ನರ್ಸಿಂಗ್, ಬಿ.ಎಡ್. ಓದುವ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರುತ್ತಾರೆ. "ಮೇಡಂ, ಪೇರ್ಡ್ ಟಿ-ಟೆಸ್ಟ್ ಹಾಕಿಕೊಡಿ, ನಾಡಿದ್ದು ಸಬ್ಮಿಟ್ ಮಾಡಬೇಕು." ಜೋಡಿ ಅಂಕಿಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ನೋಡುವ ಲೆಕ್ಕ ಅದು, ಎರಡು ನಿಮಿಷದ್ದು. ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ದಳು. ಗರ್ಭಿಣಿಯರಿಗೆ ರಕ್ತಹೀನತೆ ಬಗ್ಗೆ ತಿಳಿವಳಿಕೆ ಕೊಡುವ ಪ್ರಾಜೆಕ್ಟ್. ಪಾಠಕ್ಕೆ ಮುಂಚೆ ಒಂದು ಪ್ರಶ್ನೆಪತ್ರಿಕೆ, ವಾರ ಬಿಟ್ಟು ಅದೇ ಪ್ರಶ್ನೆಪತ್ರಿಕೆ. ಎಕ್ಸೆಲ್‌ನಲ್ಲಿ ಎರಡು ಕಾಲಂ, 40 ಸಾಲು. "ಈ ಏಳನೇ ಸಾಲಿನಲ್ಲಿ ಮೊದಲು 9, ಆಮೇಲೆ 14 ಇದೆಯಲ್ಲ, ಎರಡೂ ಒಬ್ಬರದೇನಾ?" ಎಂದು ಕೇಳಿದೆ. "ಗೊತ್ತಿಲ್ಲ ಮೇಡಂ, ಹೆಸರು ಬರೆಸಬೇಡಿ ಅಂದಿದ್ದರು." ಇನ್ನೊಮ್ಮೆ ನೋಡಿದೆ. ಎರಡೂ ಕಾಲಂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಕೂತಿದ್ದವು. ನೋಡಲು ನೀಟಾಗಿರಲಿ ಎಂದು ಸಾರ್ಟ್ ಮಾಡಿದ್ದಳಂತೆ.

ಪಾಪ, ಅವಳದ್ದೇನೂ ತಪ್ಪಿಲ್ಲ. "ಮೊದಲು, ಆಮೇಲೆ ಅಂತಿದ್ದರೆ ಪೇರ್ಡ್" ಎಂದು ನಾವೇ ಬಾಯಿಪಾಠ ಮಾಡಿಸಿದ್ದೇವೆ. ಪೇರ್ಡ್ ಎಂದರೆ ಜೋಡಿ. ಒಂದು ಸಾಲಿನ ಎರಡು ಅಂಕಿಗೂ ನಿಜವಾದ ನಂಟು ಇರಬೇಕು: ಅದೇ ಹೆಂಗಸಿನ ಎರಡು ಅಂಕ, ಅದೇ ಜಮೀನಿನ ಎರಡು ಅರ್ಧಕ್ಕೆ ಹೊಡೆದ ಎರಡು ಔಷಧಿ, ಒಂದೇ ರಕ್ತದ ಮಾದರಿಯನ್ನು ಎರಡು ಲ್ಯಾಬ್ ಅಳೆದದ್ದು, ಅವಳಿ ಮಕ್ಕಳು. ಎ ಸೆಕ್ಷನ್‌ನಲ್ಲಿ 30 ಮಕ್ಕಳು, ಬಿ ಸೆಕ್ಷನ್‌ನಲ್ಲೂ 30 ಮಕ್ಕಳು ಇದ್ದಾರೆ ಎಂದ ಮಾತ್ರಕ್ಕೆ ಅದು ಜೋಡಿಯಲ್ಲ. ಇದನ್ನೂ ಪೇರ್ಡ್ ಎಂದು ಹಾಕಿದ ವರದಿಗಳನ್ನು ನಾನೇ ನೋಡಿದ್ದೇನೆ.

ಜೋಡಿಗೆ ಯಾಕೆ ಇಷ್ಟು ಬೆಲೆ ಎಂದು ತಿಳಿಯಲು ಈ ಪರೀಕ್ಷೆ ಹುಟ್ಟಿದ ಕಡೆಗೇ ಹೋಗಬೇಕು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದ ಲೇಖನದಲ್ಲಿ 10 ರೋಗಿಗಳ ಲೆಕ್ಕ ಇದೆ. ಎರಡು ನಿದ್ರೆ ಔಷಧಿ, ಎರಡನ್ನೂ ಅದೇ 10 ಜನರಿಗೆ ಕೊಟ್ಟಿದ್ದು. ಒಬ್ಬ ರೋಗಿಗೆ ಮೊದಲ ಔಷಧಿಯಿಂದ 3.7 ಗಂಟೆ, ಎರಡನೆಯದರಿಂದ 5.5 ಗಂಟೆ ನಿದ್ರೆ ಹೆಚ್ಚಾಯಿತು. ಇನ್ನೊಬ್ಬರಿಗೆ ಮೊದಲನೆಯದರಿಂದ 1.6 ಗಂಟೆ ಕಡಿಮೆಯೇ ಆಗಿ, ಎರಡನೆಯದರಿಂದ ಬರೀ 0.8 ಗಂಟೆ ಜಾಸ್ತಿ ಆಯಿತು. ಅಂದರೆ ಮನುಷ್ಯರ ನಡುವಿನ ವ್ಯತ್ಯಾಸವೇ ಔಷಧಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು, ಅಲ್ವಾ? ಇವರನ್ನು ಎರಡು ಬೇರೆ ಗುಂಪು ಎಂದುಕೊಂಡು ಲೆಕ್ಕ ಹಾಕಿದರೆ ಟಿ (ಸಿಕ್ಕ ವ್ಯತ್ಯಾಸ ಆಕಸ್ಮಿಕ ಏರಿಳಿತದ ಎಷ್ಟು ಪಟ್ಟು ಎಂಬ ಅಂಕಿ) 1.86 ಬರುತ್ತದೆ, ಪಿ (ಔಷಧಿಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವ) ಸುಮಾರು 0.08, ಖಚಿತವಾಗಿ ಏನೂ ಹೇಳಲಾಗದು. ಒಬ್ಬೊಬ್ಬರದ್ದೇ ವ್ಯತ್ಯಾಸ ತೆಗೆದು ಲೆಕ್ಕ ಹಾಕಿದರೆ ಟಿ 4.06, ಪಿ ಸುಮಾರು 0.003. ಅಂಕಿಗಳು ಅವೇ, ಜೋಡಿ ಉಳಿಸಿಕೊಂಡಿದ್ದರಿಂದ ಸಿಕ್ಕ ಲಾಭ ಅಷ್ಟು.

ಈಗ ಆ ಹುಡುಗಿ ಮಾಡಿದ್ದನ್ನೇ ಈ 10 ರೋಗಿಗಳ ಮೇಲೂ ಮಾಡಿ ತೋರಿಸಿದೆ. ಎರಡೂ ಕಾಲಂ ಬೇರೆ ಬೇರೆ ಸಾರ್ಟ್ ಮಾಡಿ ಪೇರ್ಡ್ ಹಾಕಿದರೆ ಟಿ 9.27! ಯಾರದೋ ನಿದ್ರೆಯಿಂದ ಇನ್ಯಾರದೋ ನಿದ್ರೆ ಕಳೆದು, ಔಷಧಿ ಅದ್ಭುತ ಎಂದು ಸಾರಿದ ಹಾಗಾಯಿತು. ಅವಳು ಸುಮ್ನೆ ಪರದೆ ನೋಡುತ್ತಾ ಕೂತಳು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಡಾರ್ವಿನ್ 15 ಜೋಡಿ ಮೆಕ್ಕೆಜೋಳದ ಗಿಡಗಳನ್ನು, ಜೋಡಿಯ ಎರಡನ್ನೂ ಒಂದೇ ಕುಂಡದಲ್ಲಿ ಎದುರುಬದುರು ಬರುವಂತೆ ಬೆಳೆಸಿ ಎತ್ತರ ಅಳೆದಿದ್ದರು, 1876ರ ಅವರ ಪುಸ್ತಕದಲ್ಲಿ ಆ ಲೆಕ್ಕ ಇದೆ. ಅದನ್ನು ನೋಡಿಕೊಟ್ಟ, ಅಂಕಿಅಂಶದಲ್ಲಿ ಪಳಗಿದ್ದ ಅವರ ಸಂಬಂಧಿ ಗಾಲ್ಟನ್ ಗಿಡಗಳನ್ನು ಎತ್ತರದ ಕ್ರಮದಲ್ಲಿ ಮತ್ತೆ ಜೋಡಿಸಿಬಿಟ್ಟರು. ಕಷ್ಟಪಟ್ಟು ಕಟ್ಟಿದ ಜೋಡಿಯೇ ಇದರಿಂದ ಕಳೆದುಹೋಯಿತು ಎಂದು 1935ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ತೋರಿಸಿಕೊಟ್ಟರು.

ಇನ್ನೊಂದು ಮಾತು. ಗಂಟೆಯಾಕಾರದಲ್ಲಿ ಹರಡಿರಬೇಕಾದದ್ದು ಮೂಲ ಅಂಕಗಳಲ್ಲ, ವ್ಯತ್ಯಾಸಗಳು. ಸಾಲು ಕಡಿಮೆ ಇದ್ದು, ಒಂದೆರಡು ವ್ಯತ್ಯಾಸ ವಿಪರೀತ ದೊಡ್ಡದಿದ್ದರೆ ವ್ಯತ್ಯಾಸಗಳ ಗಾತ್ರದ ಬದಲು ಅವುಗಳ ಕ್ರಮಾಂಕ ನೋಡುವ ವಿಲ್ಕಾಕ್ಸನ್ ಪರೀಕ್ಷೆಯನ್ನೂ ಹಾಕಿ ನೋಡಬೇಕು. ಇನ್ನು ಜೋಡಿ ಸರಿಯಿದ್ದರೂ, ಪಾಠ ಕೇಳದ ಇನ್ನೊಂದು ಗುಂಪು ಇಲ್ಲದಿದ್ದರೆ ಅಂಕ ಏರಿದ್ದು ಪಾಠದಿಂದಲೇ ಎನ್ನಲಾಗದು. ಅದೇ ಪ್ರಶ್ನೆ ಎರಡನೇ ಸಲ ಬಂದರೆ ಯಾರಿಗಾದರೂ ಸ್ವಲ್ಪ ನೆನಪಿರುತ್ತದೆ.

ಕೊನೆಗೆ ಅವಳಿಗೆ ಎರಡು ಬೇರೆ ಗುಂಪುಗಳ ಟಿ-ಟೆಸ್ಟ್ ಹಾಕಿಕೊಟ್ಟೆ. ಅದೂ ಪೂರ್ತಿ ಸರಿಯಲ್ಲ, ಬಂದವರು ಅದೇ ಜನ ತಾನೆ. ಆದ್ದರಿಂದ "ಹಾಳೆಗಳನ್ನು ಜೋಡಿಸಲು ಆಗಲಿಲ್ಲ" ಎಂದು ವರದಿಯಲ್ಲಿ ನೇರವಾಗಿ ಬರೆಯಲು ಹೇಳಿದೆ. 40 ಹೆಂಗಸರು ಎರಡೆರಡು ಸಲ ಬಿಸಿಲಲ್ಲಿ ನಡೆದು ಬಂದು ಕೊಟ್ಟ ಉತ್ತರದ ಅರ್ಧ ಬೆಲೆ ಹೀಗೆ ಹೋಯಿತಲ್ಲ ಎಂದು ನನಗೆ ಇವತ್ತಿಗೂ ಸಂಕಟ.

ಗೈಡ್‌ಗಳಾಗಿರುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಹೆಸರು ಬೇಡ, ಸರಿ. ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ನಂಬರ್ ಚೀಟಿ ಕೊಡಿಸಿ, ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಲಿ, ಎರಡೂ ಸಲ ಹಾಳೆಯ ಮೇಲೆ ಅದೇ ನಂಬರ್ ಬರೆಯಲಿ. ಮತ್ತೆ ಮಕ್ಕಳನ್ನು ನಮ್ಮಂಥವರ ಹತ್ತಿರ ಸಲ್ಲಿಕೆಯ ವಾರದಲ್ಲಿ ಕಳಿಸಬೇಡಿ, ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸುವ ಮುಂಚೆ ಕಳಿಸಿ.

ಇಂತಿ,
ಒಬ್ಬ ಸಂಖ್ಯಾಶಾಸ್ತ್ರ ಉಪನ್ಯಾಸಕಿ, ಹಾಸನ