ಕರಿ ಕೋಟು ಬಿಚ್ಚಿಡುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶಿವಮೊಗ್ಗದಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಎರಡು ಸಲ ಓದಿದೆ, ದೊಡ್ಡಮ್ಮನಿಗೂ ಓದಿ ಹೇಳಿದೆ. ಪೇಪರಿಗೆ ಲೇಖನ ಬರೆದಿದ್ದಕ್ಕೆ ನಿನ್ನ ಸೀನಿಯರ್ ರೇಗಿದ್ದಾರೆ. ಇನ್ನು ವಕೀಲಿಕೆ ಬಿಟ್ಟು ಬರೀತಾ ಇರ್ತೀನಿ ಅಂತ ನೀನು ಹಟ ಹಿಡಿದಿದ್ದೀಯ. ಸ್ವಲ್ಪ ತಡಿ ಮಗಳೇ. ನಿನಗೆ ಒಬ್ಬನ ವಿಷಯ ಹೇಳಬೇಕು.

ಹೆಸರು ಯೋಹಾನ್ ಗೇಯೊರ್ಗ್ ಆಗಸ್ಟ್ ವಿರ್ತ್. 1798ರಲ್ಲಿ ಜರ್ಮನಿಯ ಹೋಫ್ ಅನ್ನೋ ಊರಲ್ಲಿ ಹುಟ್ಟಿದವನು. ಕಾನೂನು ಓದಿ, ಬೈರಾಯ್ಟ್‌ನಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ. ಜನರ ದಾವೆಗಳು ಹೇಗೆ ಎಳೆದಾಡುತ್ತವೆ ಅಂತ ಅಲ್ಲೇ ಕಣ್ಣಾರೆ ಕಂಡ. 1831ರಲ್ಲಿ ಪತ್ರಿಕೆಗೆ ಇಳಿದ. ಬವೇರಿಯಾ ರಾಜ್ಯದ ರಾಜಧಾನಿ ಮ್ಯೂನಿಕ್‌ನಲ್ಲಿ ‘ಡಾಯ್ಚೆ ಟ್ರಿಬ್ಯೂನೆ’ ಅನ್ನೋ ಪತ್ರಿಕೆ ಶುರು ಮಾಡಿದ. ಸೆನ್ಸಾರ್ ಕಾಟ, ದಂಡ, ಬಂಧನ ಎಲ್ಲಾ ಬೆನ್ನಿಗೆ ಬಿತ್ತು.

ಆಗ ಆತ ಮಾಡಿದ ಕೆಲಸ ನೋಡು. ಪತ್ರಿಕೆಯನ್ನೇ ಎತ್ತಿಕೊಂಡು ರೈನ್ ನದಿಯ ಆಚೆ, ಪ್ಯಾಲಟಿನೇಟ್ ಸೀಮೆಯ ಹೋಂಬುರ್ಗ್‌ಗೆ ಹೋದ. ಅದೂ ಬವೇರಿಯಾ ರಾಜನದೇ ಸೀಮೆ. ಆದರೆ ಅಲ್ಲಿ ಫ್ರೆಂಚರ ಕಾಲದ ಕಾನೂನು ಇನ್ನೂ ಜಾರಿಯಲ್ಲಿತ್ತು. ಬಾಗಿಲು ತೆರೆದ ಕೋರ್ಟು, ಜನರ ಎದುರಿಗೆ ಬಾಯಿಮಾತಿನ ವಾದ, ತೀರ್ಪು ಹೇಳೋದಕ್ಕೆ ಊರಿನವರೇ ಇರುವ ಜ್ಯೂರಿ. ಎಲ್ಲಿ ನಿಂತು ಬರೆಯಬೇಕು ಅಂತ ಆತನಿಗೆ ಹೇಳಿಕೊಟ್ಟಿದ್ದು ಆತನ ಒಳಗಿದ್ದ ವಕೀಲ. ಅದೇ ಸೀಮೆಯಲ್ಲಿ ಪತ್ರಿಕೆ ನಡೆಸುತ್ತಿದ್ದ ಸೀಬನ್‌ಫೈಫರ್ ಕೂಡ ಕಾನೂನು ಓದಿದವನೇ. ಅಚ್ಚಿನ ಯಂತ್ರಕ್ಕೆ ಸೀಲು ಹಾಕೋದೂ ಒಂದೇ, ಬ್ರೆಡ್ ಸುಡುವವನ ಒಲೆಗೆ ಸೀಲು ಹಾಕೋದೂ ಒಂದೇ, ಎರಡೂ ಸಂವಿಧಾನಕ್ಕೆ ವಿರುದ್ಧ ಅಂತ ಆತ ವಾದಿಸಿದ. ಎಂಥ ಮಾತು, ಅಲ್ವಾ? ಕಾನೂನು ಗೊತ್ತಿದ್ದು, ಭಾಷೆಯೂ ಗೊತ್ತಿದ್ದವನಿಗೆ ಮಾತ್ರ ಬರುವ ಮಾತು.

1832ರ ಮಾರ್ಚ್‌ನಲ್ಲಿ ಪತ್ರಿಕೆಯನ್ನು ನಿಷೇಧಿಸಿದರು. ಮೇ 27ರಂದು ಹಂಬಾಖ್ ಕೋಟೆಯ ಬೆಟ್ಟಕ್ಕೆ 20,000ಕ್ಕೂ ಜಾಸ್ತಿ ಜನ ಕಪ್ಪು, ಕೆಂಪು, ಬಂಗಾರ ಬಣ್ಣದ ಬಾವುಟ ಹಿಡಿದು ಹತ್ತಿದರು. ಆ ಸಭೆಯ ಕರೆಯೋಲೆ ಬರೆದವನು ಸೀಬನ್‌ಫೈಫರ್. ಹೆಂಗಸರನ್ನು ರಾಜಕೀಯದಿಂದ ದೂರ ಇಟ್ಟಿರೋದು ತಪ್ಪು, ಅದೊಂದು ಕಳಂಕ ಅಂತ ಅದರಲ್ಲೇ ಬರೆದು, ನೀವೂ ಬನ್ನಿ ಅಂತ ಕರೆದಿದ್ದ. ಇದನ್ನು ನಿನಗೆಂದೇ ಹೇಳ್ತಿದ್ದೀನಿ. ಬೆಟ್ಟದ ಮೇಲೆ ವಿರ್ತ್, ಹಲವು ರಾಜ್ಯಗಳಾಗಿ ಒಡೆದಿದ್ದ ಜರ್ಮನಿ ಒಂದಾಗಲಿ ಅಂದ, ಗಣರಾಜ್ಯಗಳ ಯೂರೋಪ್‌ಗೆ ಜಯಕಾರ ಹಾಕಿದ. ಫ್ರಾನ್ಸ್ ಬಗ್ಗೆ ಆತ ಆಡಿದ ಅನುಮಾನದ ಮಾತು ನನಗೆ ಅಷ್ಟು ಒಪ್ಪಿಗೆ ಇಲ್ಲ. ಓದುವಾಗ ಅದನ್ನೂ ಓದು, ಬಿಡಬೇಡ.

ಮುಂದಿನ ತಿಂಗಳೇ ಇಬ್ಬರನ್ನೂ ಹಿಡಿದು ಒಳಗೆ ಹಾಕಿದರು. 1833ರ ಬೇಸಿಗೆಯಲ್ಲಿ ಲಾಂಡೌ ಊರಲ್ಲಿ ವಿಚಾರಣೆ. ವಿರ್ತ್ ತನ್ನ ಪರವಾಗಿ ತಾನೇ ಎದ್ದು ನಿಂತು ಎಂಟು ಗಂಟೆ ವಾದ ಮಾಡಿದ. ಎಂಟು ಗಂಟೆ! ನಾವು ಅರ್ಧ ಗಂಟೆ ವಾದ ಮಾಡಿದರೆ ಗಂಟಲು ಕಟ್ಟುತ್ತೆ. ಜನರ ಹಕ್ಕು ಏನು ಅಂತ ಒಂದೊಂದಾಗಿ ಬಿಡಿಸಿ ಹೇಳಿದ. ಜ್ಯೂರಿ ಖುಲಾಸೆ ಮಾಡಿತು. ಆ ವಾದವೇ ಆಮೇಲೆ ಪುಸ್ತಕವಾಗಿ ಅಚ್ಚಾಯಿತು. ವಾದ ಎಲ್ಲಿ ಮುಗೀತು, ಬರಹ ಎಲ್ಲಿ ಶುರುವಾಯಿತು, ಹೇಳು ನೋಡೋಣ.

ಆದರೂ ಬಿಡಲಿಲ್ಲ. ಜ್ಯೂರಿ ಇಲ್ಲದ ಇನ್ನೊಂದು ಕೋರ್ಟಿಗೆ ಎಳೆದು, ಅಧಿಕಾರಿಗಳನ್ನು ನಿಂದಿಸಿದ ಅಂತ ಎರಡು ವರ್ಷ ಜೈಲು ಕೊಟ್ಟರು. ಸೀಬನ್‌ಫೈಫರ್ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡ್ ಸೇರಿದ. ವಿರ್ತ್ ಶಿಕ್ಷೆ ಪೂರ್ತಿ ಅನುಭವಿಸಿದ. ಕೈಸರ್ಸ್‌ಲೌಟರ್ನ್ ಜೈಲಲ್ಲಿ ಆತನಿಗೆ ಕೊಟ್ಟ ಕೆಲಸ ಉಣ್ಣೆಯ ಕಾಲುಚೀಲ ಹೆಣೆಯೋದು. ಪತ್ರಿಕೆ ನಡೆಸಿದ ಕೈಗೆ ಕಡ್ಡಿ, ನೂಲು. ನನಗೆ ಆ ಬೆಟ್ಟದ ಜಾತ್ರೆಗಿಂತ ಈ ಚಿತ್ರವೇ ಜಾಸ್ತಿ ಕಾಡುತ್ತೆ. ಹೆಣೆಯೋದು ಮುಗಿಸಿ ಆತ ಸುಮ್ನೆ ಕೂರಲಿಲ್ಲ, ಸಂಸ್ಕೃತಿಯ ಇತಿಹಾಸದ ಬಗ್ಗೆ ಬರೆದ. ಹೊರಗೆ ಹೆಂಡತಿ ರೆಗೀನಾ ಮಕ್ಕಳನ್ನು ಸಾಕಿದಳು. ಅವಳ ಪಾಡು ಏನಾಗಿತ್ತೋ ಅಂತ ದೊಡ್ಡಮ್ಮ ಎರಡು ಸಲ ಕೇಳಿದಳು.

ಆಮೇಲೆ ಊರು ಬಿಟ್ಟು ಫ್ರಾನ್ಸ್, ಸ್ವಿಟ್ಜರ್ಲೆಂಡ್. 1848ರಲ್ಲಿ ಫ್ರಾಂಕ್‌ಫರ್ಟ್‌ನ ರಾಷ್ಟ್ರಸಭೆಗೆ ಆರಿಸಿ ಬಂದ. ಜುಲೈ 26ಕ್ಕೆ ತೀರಿಕೊಂಡ. ಇನ್ನೂ ಐವತ್ತು ತುಂಬಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟ ಆಗುತ್ತೆ.

ಪುಟ್ಟಿ, ನಾನು ಜೂನಿಯರ್ ಆಗಿದ್ದಾಗ ಗೇಣಿದಾರರ ಕೇಸುಗಳ ಬಗ್ಗೆ ಒಂದು ವಾರಪತ್ರಿಕೆಗೆ ಬರೀತಿದ್ದೆ. ವಕೀಲನ ಕೈಬರಹ ಅರ್ಜಿಗೆ ಸಾಕು ಅಂತ ಹಿರಿಯರೊಬ್ಬರು ಅಂದರು. ಹೆದರಿ ನಿಲ್ಲಿಸಿಬಿಟ್ಟೆ. ಆ ಗೇಣಿದಾರರ ಕಥೆ ನನ್ನ ಜೊತೆಗೇ ಉಳಿದುಹೋಯಿತು. ನೀನು ಬರೆಯೋದು ನಿಲ್ಲಿಸಬೇಡ. ಹಾಗಂತ ಕೋಟೂ ಬಿಚ್ಚಿಡಬೇಡ. ನಿನಗೆ ಬರೆಯೋದಕ್ಕೆ ವಿಷಯ ಸಿಗೋದು ಆ ಕೋರ್ಟಿನ ವರಾಂಡದಲ್ಲೇ.

ನಿನ್ನ ಲೇಖನದ ಎರಡನೇ ಪುಟದಲ್ಲಿ ಕೋಪ ಇದೆ, ಯಾವ ಸೆಕ್ಷನ್ ಅಂತ ಇಲ್ಲ. ಸೀನಿಯರ್ ಗೆರೆ ಹೊಡೆದ ಪ್ರತಿಯನ್ನೇ ತಗೊಂಡು ಶುಕ್ರವಾರ ರಾತ್ರಿಯ ರೈಲಿಗೆ ಹೊರಡು. ಶನಿವಾರ ತಿಂಡಿ ಆದಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಆ ಪುಟ ಮತ್ತೆ ಬರೆಯೋಣ.

ನಿನ್ನ
ದೊಡ್ಡಪ್ಪ