ಗೋಕರ್ಣದಿಂದ ನೇರ ದಕ್ಷಿಣಕ್ಕೆ

ಪ್ರೀತಿಯ ರಘು,

ಗೋಕರ್ಣದ ಕಡಲ ದಂಡೆಯಲ್ಲಿ ಕೂತಿದ್ದಾಗ ನೀನು ಕೇಳಿದ್ದೆ, ಇಲ್ಲಿಂದ ನೇರ ದಕ್ಷಿಣಕ್ಕೆ ಹೋದರೆ ಯಾವ ನೆಲ ಸಿಗುತ್ತೆ ಅಂತ. ಅವತ್ತು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಭೂಪಟ ಹರಡಿಕೊಂಡೆ. ಗೋಕರ್ಣದಿಂದ ಬೆರಳು ಇಳಿಸುತ್ತಾ ಹೋದೆ. ಮಾಲ್ಡೀವ್ಸ್ ಎಡಕ್ಕೆ ಉಳಿಯಿತು. ಆಮೇಲೆ ಬರೀ ನೀರು. ಸುಮಾರು 7,500 ಕಿಲೋಮೀಟರ್ ಇಳಿದ ಮೇಲೆ, ಚೂರೇ ಚೂರು ಪಕ್ಕದಲ್ಲಿ ಒಂದು ಚುಕ್ಕೆ ಸಿಕ್ಕಿತು. ಹರ್ಡ್ ದ್ವೀಪ. ಆಸ್ಟ್ರೇಲಿಯಾಕ್ಕೆ ಸೇರಿದ್ದು. ಅಲ್ಲಿ ಜನವಸತಿ ಇಲ್ಲ, ಒಂದು ಮರವೂ ಇಲ್ಲ.

ದ್ವೀಪ ಅನ್ನುವುದಕ್ಕಿಂತ ಅದನ್ನು ಒಂದು ಬೆಟ್ಟ ಅನ್ನಬಹುದು. ಮೈತುಂಬ ಹಿಮ, ಹೊಟ್ಟೆಯೊಳಗೆ ಬೆಂಕಿ. ಈಗಲೂ ಜೀವಂತ ಇರುವ ಜ್ವಾಲಾಮುಖಿ ಅದು. ಬೆಟ್ಟಕ್ಕೆ ಬಿಗ್ ಬೆನ್ ಅಂತ ಹೆಸರು, ಅದರ ತುದಿಗೆ ಮಾಸನ್ ಶಿಖರ. ಎತ್ತರ 2,745 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 800 ಮೀಟರ್ ಜಾಸ್ತಿ, ಅದೂ ಸಮುದ್ರದಿಂದಲೇ ಎದ್ದು ನಿಂತಿದ್ದು!

ನನ್ನನ್ನು ತುಂಬಾ ಕಾಡಿದ್ದು ಅದು ಒಂದು ಹಡಗಿನವರ ಕಣ್ಣಿಗೆ ಬಿದ್ದ ದಿನ. 1853ರ ನವೆಂಬರ್ 25. ಬಾಸ್ಟನ್‌ನಿಂದ ಮೆಲ್ಬರ್ನ್‌ಗೆ ಹೊರಟಿದ್ದ ಓರಿಯಂಟಲ್ ಹಡಗಿನ ಕ್ಯಾಪ್ಟನ್ ಜಾನ್ ಹರ್ಡ್ ದೂರದಲ್ಲಿ ಏನನ್ನೋ ಕಂಡ. ತೇಲುತ್ತಿರುವ ದೊಡ್ಡ ಮಂಜುಗಡ್ಡೆ ಅಂದುಕೊಂಡ. ಅಷ್ಟರಲ್ಲಿ ಹಿಮ ಸುರಿದು ಎಲ್ಲ ಮುಚ್ಚಿಹೋಯಿತು. ಮತ್ತೆ ಬಿಸಿಲು ಬಂದಾಗ ಅವನ ಹೆಂಡತಿ ಫಿಡೀಲಿಯಾ ದುರ್ಬೀನು ಹಿಡಿದು ಅದರ ಆಕಾರ ಬರೆಯಲು ಕೂತಳು. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು, ಅಂಚು ಸರಿಯಾಗಿ ಕಾಣುತ್ತಿರಲಿಲ್ಲ. ಹತ್ತಿರ ಹತ್ತಿರ ಹೋದ ಮೇಲೆಯೇ ಅದು ನೆಲ ಅಂತ ಗೊತ್ತಾಗಿದ್ದು. ಅವರ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಇದನ್ನೆಲ್ಲ ಅವಳು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ದ್ವೀಪಕ್ಕೆ ಉಳಿದಿದ್ದು ಗಂಡನ ಹೆಸರು.

ಮಾಸನ್ ಅಂದರೆ ಅಂಟಾರ್ಕ್ಟಿಕಾ ಸುತ್ತಿದ ಡಗ್ಲಾಸ್ ಮಾಸನ್. 1929ರಲ್ಲಿ ತನ್ನ ತಂಡದ ಜೊತೆ ದ್ವೀಪಕ್ಕೆ ಬಂದಿದ್ದ. ಆದರೆ ಶಿಖರದ ಮೇಲೆ ಮನುಷ್ಯನ ಕಾಲು ಮೊದಲು ಬಿದ್ದದ್ದು 1965ರ ಜನವರಿಯಲ್ಲಿ. ಪಟನೇಲಾ ಅನ್ನುವ ಸಣ್ಣ ಹಡಗಿನಲ್ಲಿ ಹೋಗಿದ್ದ ಐದು ಜನ ಹತ್ತಿದರು. ಮಾಸನ್ ತೀರಿಕೊಂಡು ಆಗಲೇ ಆರು ವರ್ಷ ದಾಟಿತ್ತು.

ಮುಳ್ಳಯ್ಯನಗಿರಿ ನೆನಪಾಯಿತು. ಅಲ್ಲಿ ನೆತ್ತಿಯ ಮೇಲೆ ಸ್ವಾಮಿಯ ಗದ್ದುಗೆಯೇ ಇದೆ, ಬೆಟ್ಟಕ್ಕೆ ಅವರದೇ ಹೆಸರು. ಕುದುರೆಮುಖ ಅಂದರೆ ಬುಡದಲ್ಲಿ ಬದುಕಿದವರು ದಿನಾ ನೋಡಿ ನೋಡಿ ಕರೆದದ್ದು, ಅಲ್ವಾ? ಹರ್ಡ್ ದ್ವೀಪದಲ್ಲಿ ಹಾಗೆ ಕರೆಯಲು ಕಾಯಂ ಆಗಿ ನೆಲೆಸಿದವರೇ ಇರಲಿಲ್ಲ. ಪೆಂಗ್ವಿನ್, ಸೀಲ್ ಬಿಟ್ಟರೆ ಗಾಳಿ. ಹಾದುಹೋದವರು ಕೊಟ್ಟ ಹೆಸರೇ ನಿಂತಿತು. ನನಗಂತೂ ಆ ಬೆಟ್ಟ ಅಂದರೆ ಕಣ್ಣು ಕಿರಿದು ಮಾಡಿಕೊಂಡು ಗೆರೆ ಎಳೆಯುತ್ತಿರುವ ಫಿಡೀಲಿಯಾ.

ಮುಂದಿನ ಸಲ ದಕ್ಷಿಣಕ್ಕೆ ಮುಖ ಮಾಡಿ ಕೂರೋಣ. ಅಲ್ಲಿಗೂ ನಮಗೂ ನಡುವೆ ಹೆಚ್ಚುಕಡಿಮೆ ಬರೀ ನೀರೇ. ರಜೆ ಯಾವಾಗ ಅಂತ ಬರೆ.

ನಿನ್ನ ಗೆಳೆಯ